ಸೂರ್ಯಪಾನದ ಸ್ವಪರಾಗ ನಿಷೇಧ: ಒಂದು ವ್ಯಾಖ್ಯಾನ

ತೆನೆಯೊಂದು, ಹೂ ಹಲವು, ಗಂಡು ಮುಂದು, ಹೆಣ್ಣು ಹಿಂದು, ಗುರುತು ಗಿಡದ್ದು, ತಡೆ ಶಲಾಕಾಗ್ರದಲ್ಲಿ, ಕಾಳು ನೆರೆಯಿಂದ.

‘ತೆನೆಯೊಂದು, ಹೂ ಹಲವು’: ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳಲ್ಲಿ ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಒಂದೇ ಹೂವೆಂದು ಕಂಡರೂ ವಸ್ತುತಃ ಪುಷ್ಪಸಮೂಹ. ಅಂಚಿನ ಹಳದಿ ಎಸಳುಗಳು ಬಂಜೆ ಹೂಗಳು. ಜೇನನ್ನು ಕರೆಯುವುದಷ್ಟೇ ಅವುಗಳ ಕಾರ್ಯ. ಕಾಳು ಕಟ್ಟುವವು ನಡುವಿನ ಕಿರುಹೂಗಳು. ಅವು ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಅರಳುತ್ತವೆ.

‘ಗಂಡು ಮುಂದು, ಹೆಣ್ಣು ಹಿಂದು’: ಕಿರುಹೂ ಮೊದಲ ದಿನ ಪರಾಗ ಚೆಲ್ಲುತ್ತದೆ, ಮರುದಿನ ಶಲಾಕಾಗ್ರ, ಎಂದರೆ ಪರಾಗವನ್ನು ಬರಮಾಡಿಕೊಳ್ಳುವ ಸ್ತ್ರೀ ಅಂಗದ ತುದಿ, ಎರಡಾಗಿ ಬಿರಿಯುತ್ತದೆ. ಈ ಕಾಲಭೇದವೊಂದೇ ಸಾಲದು. ಒಂದು ಸುತ್ತು ಹೆಣ್ಣಾದಾಗ ಒಳಸುತ್ತು ಗಂಡಾಗಿರುತ್ತದೆ, ಗಿಡ ಮಾತ್ರ ಅದೇ. ಆದುದರಿಂದ ಜೀನಿನ ತಡೆ ಬೇಕಾಯಿತು.

‘ಗುರುತು ಗಿಡದ್ದು’: ‘ಎಸ್’ ಎಂಬ ಜೀನ್‌ನೆಲೆಯಲ್ಲಿ ಹಲವು ರೂಪಗಳುಂಟು, ಗಿಡವೊಂದು ಎರಡನ್ನು ಹೊತ್ತಿರುತ್ತದೆ. ಪರಾಗಕಣಕ್ಕೆ ಸಿಗುವುದು ಅವುಗಳಲ್ಲೊಂದೇ. ಆದರೂ ಅದರ ಮೈಮೇಲಣ ಲೇಪ ಹೆತ್ತ ಗಿಡದ ಪರಾಗಕೋಶದಲ್ಲಿ ಸಿದ್ಧವಾದದ್ದು; ಆದಕಾರಣ ಗಿಡದ ಗುರುತೇ ಕಣದ ಗುರುತು. ಈ ಕ್ರಮವನ್ನು ಸೂರ್ಯಕಾಂತಿಯ ಕುಟುಂಬದ ಬೇರೆ ಸಸ್ಯಗಳಲ್ಲಿ 1950ರಲ್ಲಿ ಮೊದಲು ವಿವರಿಸಲಾಯಿತು.

‘ತಡೆ ಶಲಾಕಾಗ್ರದಲ್ಲಿ’: ಗುರುತು ತನ್ನದೇ ಆದರೆ ಕಣ ಮೊಳೆಯದು, ಇಲ್ಲವೇ ಅದರ ನಾಳ ಒಳಹೊಗದೆ ನಿಲ್ಲುತ್ತದೆ. ಹೊಗೆಸೊಪ್ಪಿನ ಕೆಲವು ಸೋದರ ಜಾತಿಗಳಲ್ಲಾದರೆ ನಾಳವು ಶಲಾಕೆಯೊಳಗೆ ಇಳಿದ ಮೇಲೆ ಸಾಯುತ್ತದೆ. ಇಲ್ಲಿ ಹೊಸ್ತಿಲಲ್ಲೇ ತಿರಸ್ಕಾರ. ಗುರೆಳ್ಳಿಗೂ ಈ ನಿಯಮವೇ ಕಟ್ಟುನಿಟ್ಟು. ಅದೇ ಕುಟುಂಬದ ಕುಸುಬೆ ಮಾತ್ರ ಬಹುಮಟ್ಟಿಗೆ ತನ್ನ ಪರಾಗವನ್ನೇ ಒಪ್ಪುತ್ತದೆ.

‘ಕಾಳು ನೆರೆಯಿಂದ’: ಜೇನು ಬಾರದ ಹೊಲದಲ್ಲಿ ಜೊಳ್ಳು ಹೆಚ್ಚು. ಅದಕ್ಕೇ ರೈತರು ಬೆಳಗಿನ ಹೊತ್ತು ಮೆತ್ತನೆಯ ಬಟ್ಟೆಯಿಂದ ತೆನೆಯೊಂದನ್ನು ಸವರಿ ಮುಂದಿನದನ್ನು ಸವರುವುದು. ಇಲ್ಲಿ ‘ನೆರೆ’ ಎಂದರೆ ಪಕ್ಕದ ಗಿಡವಲ್ಲ, ಗುರುತು ಬೇರೆಯಾದ ಗಿಡ. ಎರಡು ಶುದ್ಧ ತಳಿಗಳ ಸಂಕರದಲ್ಲಿ ಹೊಲದ ಗಿಡಗಳೆಲ್ಲ ಒಂದೇ ಗುರುತಿನವು; ತಡೆ ಪೂರ್ಣವಾಗಿದ್ದರೆ ನೆರೆಯೂ ತಾನೇ ಆಗಿ ಹೊಲವೆಲ್ಲ ಜೊಳ್ಳಾದೀತು. ಈ ಕಾರಣದಿಂದ ಸಂಕರ ತಳಿಗಾರರು ಸ್ವಪರಾಗವನ್ನು ಸಹಿಸುವ ಗಿಡಗಳನ್ನೇ ಆಯ್ದರು. ಭಾರತದ ಮೊದಲ ಸಂಕರ ಸೂರ್ಯಕಾಂತಿ ಬಿಎಸ್‌ಎಚ್-1 ಬೆಂಗಳೂರಿನಿಂದ 1980ರಲ್ಲಿ ಹೊರಬಂದಿತು. ನಿಸರ್ಗ ವೈವಿಧ್ಯಕ್ಕಾಗಿ ಬಿಗಿದ ನಿಷೇಧವನ್ನು ಏಕರೂಪದ ಬೆಳೆಗಾಗಿ ಸಡಿಲಿಸಬೇಕಾಯಿತೆಂಬುದು ತಾತ್ಪರ್ಯ.