ಸಾಮ್ರಾಜ್ಯದ ಭಾಷೆಯೂ ಅಂಚಿನ ಓದುಗರೂ

ನಮ್ಮ ಸಂಘದ ಓದುಗರ ಬಳಗವು ಸಾಮಾನ್ಯವಾಗಿ ಕನ್ನಡದ ಕಾದಂಬರಿ, ಕವನ ಸಂಕಲನ, ಆತ್ಮಕಥೆಗಳನ್ನೇ ಚರ್ಚೆಗೆ ಎತ್ತಿಕೊಳ್ಳುತ್ತದೆ. ಈ ಬಾರಿ ಕಿರಿಯ ಸದಸ್ಯರ ಒತ್ತಾಯಕ್ಕೆ ಮಣಿದು ಒಂದು ಇಂಗ್ಲಿಷ್ ಕಾದಂಬರಿಯನ್ನು, ಅದರಲ್ಲಿಯೂ ‘ಸ್ಪೇಸ್ ಒಪೆರಾ’ ಎಂದು ಹೆಸರಾದ ಬಗೆಯ ವೈಜ್ಞಾನಿಕ ಕಾದಂಬರಿಯೊಂದನ್ನು ಓದಿದೆವು. ಅಮೆರಿಕದ ಲೇಖಕಿ ಆರ್ಕಡಿ ಮಾರ್ಟೀನ್ ಅವರ ‘ಎ ಮೆಮೊರಿ ಕಾಲ್ಡ್ ಎಂಪೈರ್’ (2019) ಆ ಕೃತಿ. ಕಾಸರಗೋಡಿನ ಕನ್ನಡಿಗರಿಗೂ ನಕ್ಷತ್ರಲೋಕದ ಚಕ್ರಾಧಿಪತ್ಯಕ್ಕೂ ಏನು ಸಂಬಂಧವೆಂದು ಹಿರಿಯರು ಕೆಲವರು ನಕ್ಕದ್ದುಂಟು. ಆದರೆ ಓದಿ ಮುಗಿಸಿದ ಮೇಲೆ ನಡೆದ ಚರ್ಚೆ ನಾವು ಎಣಿಸಿದ್ದಕ್ಕಿಂತ ಹೆಚ್ಚು ಕಾವೇರಿತು. ಅಲ್ಲಿ ಬಂದ ಅಭಿಪ್ರಾಯಗಳನ್ನು ತೂಗಿ ನೋಡಿ, ನಮಗೆ ತೋರಿದ್ದನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇವೆ.

ಗ್ಯಾಲಕ್ಸಿಯಗಲದ ಸಾಮ್ರಾಜ್ಯವು ಈ ಸಾಹಿತ್ಯ ಪ್ರಕಾರಕ್ಕೆ ಹೊಸ ವಸ್ತುವಲ್ಲ. ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ 1951ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ರೋಮ್ ಸಾಮ್ರಾಜ್ಯದ ಅವನತಿಯನ್ನು ಕುರಿತ ಗಿಬ್ಬನ್ನನ ಇತಿಹಾಸಗ್ರಂಥ ಅದಕ್ಕೆ ಪ್ರೇರಣೆಯಾಗಿತ್ತು. ಅಲ್ಲಿ ಸಾಮ್ರಾಜ್ಯದ ಪತನವೆಂದರೆ ಕತ್ತಲೆ. ಆ ಕತ್ತಲೆಯ ಅವಧಿಯನ್ನು ಹೇಗೆ ಕಿರಿದುಗೊಳಿಸಬೇಕೆಂಬುದೇ ಕಥೆಯ ಚಿಂತೆ. ಮಾರ್ಟೀನ್ ಕೇಳುವ ಪ್ರಶ್ನೆ ಬೇರೆ. ಸಾಮ್ರಾಜ್ಯವು ಪೂರ್ಣ ವೈಭವದಲ್ಲಿರುವಾಗ ಅದರ ಗಡಿಯಲ್ಲಿ, ಇನ್ನೂ ಅದರ ವಶವಾಗದೆ ಉಳಿದಿರುವ ಜನರ ಪಾಡೇನು? ಲೇಖಕಿಯು ಬೈಜಾಂಟಿಯಮ್ ಸಾಮ್ರಾಜ್ಯದ ಇತಿಹಾಸವನ್ನು ಅಭ್ಯಸಿಸಿದವರು. 11ನೆಯ ಶತಮಾನದಲ್ಲಿ ಆ ಸಾಮ್ರಾಜ್ಯವು ಅರ್ಮೇನಿಯದ ‘ಆನಿ’ ಎಂಬ ಪುಟ್ಟ ರಾಜ್ಯವನ್ನು ನುಂಗಿಕೊಂಡ ವೃತ್ತಾಂತ ಈ ಕಾದಂಬರಿಯ ಬೇರಿನಲ್ಲಿದೆ.

ಕಥೆಯ ಹಂದರ ಹೀಗಿದೆ. ಲ್ಸೆಲ್ ಎಂಬುದು ಬಾಹ್ಯಾಕಾಶದಲ್ಲಿ ತೇಲುವ ಒಂದು ನಿಲ್ದಾಣ. ಸುಮಾರು ಮೂವತ್ತು ಸಾವಿರ ಜನರ ಸ್ವತಂತ್ರ ಊರು. ಅದರ ಎದುರಿಗೆ ಟೇಶ್‌ಕಲಾನ್ ಎಂಬ ಮಹಾಸಾಮ್ರಾಜ್ಯ. ಲ್ಸೆಲ್‌ನ ತರುಣಿ ಮಾಹಿತ್ ಝ್ಮಾರೆ ರಾಯಭಾರಿಯಾಗಿ ಸಾಮ್ರಾಜ್ಯದ ರಾಜಧಾನಿಗೆ ಬರುತ್ತಾಳೆ. ಹಿಂದಿನ ರಾಯಭಾರಿ ಇಸ್ಕಂದರ್ ಸತ್ತಿದ್ದಾನೆ. ಅದು ಸಹಜ ಮರಣವಲ್ಲ. ಲ್ಸೆಲ್ ಜನರಲ್ಲಿ ಒಂದು ಗುಟ್ಟಿನ ವಿದ್ಯೆಯಿದೆ. ಗತಿಸಿದವರ ನೆನಪನ್ನೂ ಅನುಭವವನ್ನೂ ‘ಇಮಾಗೊ’ ಎಂಬ ಪುಟ್ಟ ಯಂತ್ರದಲ್ಲಿ ಹಿಡಿದಿಟ್ಟು, ಅವರ ಕೆಲಸಕ್ಕೆ ಬರುವವರ ತಲೆಯೊಳಗೆ ನೆಲೆಗೊಳಿಸುತ್ತಾರೆ. ಮಾಹಿತಳ ತಲೆಯಲ್ಲಿರುವುದು ಹದಿನೈದು ವರ್ಷ ಹಿಂದಿನ ಇಸ್ಕಂದರ್. ಅವನೂ ಬೇಗನೆ ಮಾತು ನಿಲ್ಲಿಸುತ್ತಾನೆ. ಒಬ್ಬಂಟಿಯಾದ ಅವಳು ಸಾವಿನ ರಹಸ್ಯವನ್ನು ಬಿಡಿಸಬೇಕು, ಸಿಂಹಾಸನದ ಕಲಹದಿಂದ ಪಾರಾಗಬೇಕು, ತನ್ನ ಊರನ್ನೂ ಉಳಿಸಿಕೊಳ್ಳಬೇಕು.

ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನದ ಸದಸ್ಯರು ಮತ ಹಾಕಿ ಕೊಡುವ ಹ್ಯೂಗೊ ಪ್ರಶಸ್ತಿ 2020ರಲ್ಲಿ ಈ ಕೃತಿಗೆ ಸಂದಿತು. ಆದ್ದರಿಂದ ಇದು ಪಂಡಿತರ ಮೆಚ್ಚುಗೆಯಷ್ಟೇ ಅಲ್ಲ, ಓದುಗರ ಮೆಚ್ಚುಗೆಯೂ ಹೌದು. ಆದರೂ ನಮ್ಮ ಬಳಗದಲ್ಲಿ ಆಕ್ಷೇಪಗಳಿಗೆ ಕೊರತೆಯಿರಲಿಲ್ಲ.

ಮೊದಲ ಆಕ್ಷೇಪ ಹೆಸರುಗಳದು. ಟೇಶ್‌ಕಲಾನ್‌ನ ಪ್ರಜೆಗಳ ಹೆಸರೆಂದರೆ ಒಂದು ಸಂಖ್ಯೆ, ಒಂದು ವಸ್ತು: ಥ್ರೀ ಸೀಗ್ರಾಸ್, ಟ್ವೆಲ್ವ್ ಅಜೇಲಿಯಾ, ನೈನ್‌ಟೀನ್ ಆಡ್ಜ್. ‘ಮೂರು ಕಡಲಹುಲ್ಲು, ಹತ್ತೊಂಬತ್ತು ಬಾಚಿ ಎಂದು ಜನರನ್ನು ಕರೆಯುತ್ತ ನಾನೂರು ಪುಟ ಸಾಗುವುದು ಹೇಗೆ’ ಎಂದು ಹಿರಿಯ ಸದಸ್ಯರೊಬ್ಬರು ಬೇಸರಪಟ್ಟರು. ಈ ದೂರನ್ನು ನಾವು ಒಪ್ಪಲಾರೆವು. ಹೊರಗಿನಿಂದ ಬಂದು ನೆಲೆಸಿದವನೊಬ್ಬ ಪ್ರಜೆಯಾಗುವ ಹುಮ್ಮಸ್ಸಿನಲ್ಲಿ ‘ಮೂವತ್ತಾರು’ ಎಂಬ ಸಂಖ್ಯೆಯೊಡನೆ ಹಿಮದ ನೆಲದಲ್ಲಿ ಓಡುವ ವಾಹನದ ಹೆಸರನ್ನು ಸೇರಿಸಿ ಇಟ್ಟುಕೊಂಡ ಪ್ರಸಂಗವೊಂದು ಕೃತಿಯಲ್ಲಿ ಬರುತ್ತದೆ. ಅದನ್ನು ಕೇಳಿ ನಗರದವರು ನಗುತ್ತಾರೆ. ನಿಯಮದ ಪ್ರಕಾರ ಆ ಹೆಸರಿನಲ್ಲಿ ತಪ್ಪಿಲ್ಲ, ರುಚಿಯ ಪ್ರಕಾರ ಅದು ಹಾಸ್ಯಾಸ್ಪದ. ಪರಭಾಷೆಯನ್ನು ವ್ಯಾಕರಣಶುದ್ಧವಾಗಿ ಕಲಿತೂ ಸಭೆಯಲ್ಲಿ ನಗೆಗೀಡಾದವರಿಗೆ ಈ ಪ್ರಸಂಗದ ಚುಚ್ಚು ಥಟ್ಟನೆ ತಿಳಿಯುತ್ತದೆ.

ಎರಡನೆಯದು ತರುಣರ ದೂರು. ಸ್ಪೇಸ್ ಒಪೆರಾ ಎಂದ ಮೇಲೆ ನೌಕಾಯುದ್ಧಗಳಿರಬೇಕು. ಇಲ್ಲಿ ಬರೀ ಔತಣ, ಸಭೆ, ಕಾವ್ಯವಾಚನ ಎಂದು ಅವರ ಅಸಮಾಧಾನ. ಈ ಆಸ್ಥಾನದಲ್ಲಿ ಕಾವ್ಯವೇ ರಾಜಕಾರಣ. ಗುಪ್ತ ಸಂದೇಶಗಳು ಪದ್ಯದಲ್ಲಿ ಅಡಗುತ್ತವೆ. ಒಂದು ಉಲ್ಲೇಖವನ್ನು ಗುರುತಿಸದವನು ಸಭೆಯಲ್ಲಿ ಮೂಢನೆನಿಸುತ್ತಾನೆ. ಬಳಗದ ನಿವೃತ್ತ ಕನ್ನಡ ಪಂಡಿತರೊಬ್ಬರು, ಇದು ನಮಗೆ ಅಪರಿಚಿತವೇನಲ್ಲ, ತನ್ನನ್ನು ಸಾಕಿದ ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿ ಹಾಡಿದ ಪಂಪನ ಆಸ್ಥಾನವನ್ನು ನೆನೆದರೆ ಸಾಕು ಎಂದರು. ಈ ಮಾತು ನಮಗೆ ಕೃತಿಯ ಒಳಬಾಗಿಲನ್ನೇ ತೆರೆಯಿತು.

ಮೂರನೆಯ ಆಕ್ಷೇಪ ನ್ಯಾಯವಾದದ್ದು. ಒಂದು ದೇಹದಲ್ಲಿ ಎರಡು ನೆನಪುಗಳು ಬಾಳುವ ಕಲ್ಪನೆ ಬಹಳ ಸಮೃದ್ಧವಾದುದು. ಆದರೆ ಇಸ್ಕಂದರನನ್ನು ಆರಂಭದಲ್ಲಿಯೇ ಮೌನಕ್ಕೆ ತಳ್ಳಿ, ಲೇಖಕಿಯು ಆ ಸಮೃದ್ಧಿಯನ್ನು ಕೃತಿಯ ಬಹುಭಾಗದಲ್ಲಿ ಬಳಸದೆ ಬಿಟ್ಟಿದ್ದಾರೆ. ನಡುವಿನ ಅಧ್ಯಾಯಗಳಲ್ಲಿ ಮಾಹಿತ್ ತನ್ನೊಳಗೇ ವಿವರಿಸಿಕೊಳ್ಳುವುದು ಹೆಚ್ಚಾಗಿ, ಕಥೆಯ ನಡೆ ಜಗ್ಗುತ್ತದೆ.

ಎಲ್ಲಕ್ಕಿಂತ ದೊಡ್ಡ ಭಿನ್ನಾಭಿಪ್ರಾಯ ಹುಟ್ಟಿದ್ದು ಬೇರೊಂದು ಪ್ರಶ್ನೆಯಿಂದ. ಲೇಖಕಿಗೆ ಸಾಮ್ರಾಜ್ಯದ ಮೇಲೆಯೇ ಮೋಹವಲ್ಲವೆ? ಅರಮನೆ, ಹೂದೋಟ, ಕಾವ್ಯ, ಉಡುಗೆಗಳ ಸೊಗಸೆಲ್ಲ ಟೇಶ್‌ಕಲಾನ್‌ಗೆ ಸಂದಿದೆ. ಲ್ಸೆಲ್ ಎಂದರೆ ಲೋಹದ ಓಣಿಗಳು, ಇಕ್ಕಟ್ಟಾದ ಕೋಣೆಗಳು. ಆ ಊರಿನ ಸ್ವಂತ ಭಾಷೆಯಲ್ಲಿ ತಾಯಂದಿರು ಏನು ಹಾಡುತ್ತಾರೆ, ಮುದುಕರು ಹೇಗೆ ಬೈಯುತ್ತಾರೆ ಎಂಬುದು ನಮಗೆ ಕೇಳಿಸುವುದೇ ಅಪರೂಪ. ಇದು ಕೊರತೆಯೆಂದೇ ನಮ್ಮ ಅಭಿಪ್ರಾಯ. ಆದರೆ ಈ ಕೊರತೆ ಮಾಹಿತಳ ಕಣ್ಣಿನದೂ ಹೌದು ಎಂಬುದನ್ನು ಮರೆಯಬಾರದು. ಬಾಲ್ಯದಿಂದಲೇ ಅವಳು ಸಾಮ್ರಾಜ್ಯದ ಕಾವ್ಯಕ್ಕೆ ಮನಸೋತವಳು. ಆ ಭಾಷೆಯಲ್ಲಿ ನಗರ, ಜಗತ್ತು, ಸಾಮ್ರಾಜ್ಯ ಮೂರಕ್ಕೂ ಒಂದೇ ಶಬ್ದ, ಹೊರಗಿನವರೆಲ್ಲ ಮ್ಲೇಚ್ಛರು. ಆ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತರೂ ತಾನು ಮ್ಲೇಚ್ಛಳೇ ಎಂದು ಅವಳಿಗೆ ಗೊತ್ತು. ಹಾಗಿದ್ದೂ ಆ ಪ್ರೀತಿ ಬತ್ತುವುದಿಲ್ಲ. ಪ್ರೀತಿಯನ್ನು ಸುಳ್ಳೆನ್ನದೆ, ಅದರ ಬೆಲೆಯನ್ನೂ ಮುಚ್ಚಿಡದೆ ತೋರಿಸಿರುವುದು ಈ ಕೃತಿಯ ನಿಜವಾದ ಸಾಧನೆ.

ಚರ್ಚೆ ಇಲ್ಲಿಗೆ ಬಂದಾಗ ನಮ್ಮಲ್ಲಿ ಬಹುತೇಕರು ನಮ್ಮನ್ನು ಲ್ಸೆಲ್ ಜನರ ಸ್ಥಾನದಲ್ಲಿಟ್ಟು ಮಾತಾಡುತ್ತಿದ್ದೆವು. 1956ರಲ್ಲಿ ರಾಜ್ಯದ ಗಡಿ ಬದಲಾದ ಮೇಲೆ ಕಾಸರಗೋಡಿನ ಕನ್ನಡಿಗರಿಗೆ ಆ ಸ್ಥಾನ ಸಹಜವಾಗಿಯೇ ತೋರುತ್ತದೆ. ಆಗ ಬಳಗದ ಹಿರಿಯ ಸದಸ್ಯೆ, ನಿವೃತ್ತ ಅಧ್ಯಾಪಿಕೆಯೊಬ್ಬರು ಶಾಂತವಾಗಿ ಒಂದು ಮಾತು ಹೇಳಿದರು. ಅವರ ಮನೆಮಾತು ತುಳು. ಅವರ ಅಜ್ಜಿ ನೇಜಿ ನೆಡುವಾಗ ಪಾಡ್ದನಗಳನ್ನು ಹಾಡುತ್ತಿದ್ದರಂತೆ. ಶಾಲೆಯಲ್ಲಿ ಜೈಮಿನಿ ಭಾರತದ ಷಟ್ಪದಿಗಳನ್ನು ಕಂಠಪಾಠ ಮಾಡಿ ಬಹುಮಾನ ಪಡೆದ ಹುಡುಗಿಗೆ ಅಜ್ಜಿಯ ಹಾಡು ಹಾಡೆಂದೇ ತೋರಲಿಲ್ಲ. ‘ಷಟ್ಪದಿ ನನಗೆ ಇಂದಿಗೂ ಬಾಯಿಗೆ ಬರುತ್ತದೆ. ಪಾಡ್ದನದ ಒಂದು ಸಾಲೂ ಉಳಿದಿಲ್ಲ. ಮಾಹಿತಳನ್ನು ಓದುವಾಗ ನನಗೆ ಟೇಶ್‌ಕಲಾನ್ ಎಂದರೆ ಕನ್ನಡವೇ ಆಗಿ ಕಂಡಿತು’ ಎಂದರು.

ಸಭೆಯಲ್ಲಿ ಗದ್ದಲವೆದ್ದಿತು. ಕನ್ನಡವು ಇಲ್ಲಿಗೆ ದಂಡು ಕಟ್ಟಿಕೊಂಡು ಬಂದದ್ದಲ್ಲ ಎಂದು ಕೆಲವರು ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಅವರು ಒಲಿದು ಕನ್ನಡದಲ್ಲಿ ಬರೆದರು, ರೈಗಳು ತುಳುವಿನಲ್ಲಿಯೂ ಬರೆದರು, ಒಲಿದದ್ದನ್ನು ಸೋಲೆನ್ನಬಹುದೆ ಎಂದು ಮತ್ತೊಬ್ಬರು ಕೇಳಿದರು. ಅಧ್ಯಾಪಿಕೆ ಕೊಟ್ಟ ಉತ್ತರ ಇಷ್ಟೇ: ‘ನಾನು ಕನ್ನಡವನ್ನು ದೂರುತ್ತಿಲ್ಲ. ಅದರಿಂದಲೇ ಬದುಕಿದವಳು ನಾನು. ಅಜ್ಜಿಯ ಹಾಡು ಹೋಯಿತೆಂದು ಹೇಳುತ್ತಿದ್ದೇನೆ.’

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಟೇಶ್‌ಕಲಾನ್‌ಗೂ ಕನ್ನಡಕ್ಕೂ ಇರುವ ಅಂತರ ದೊಡ್ಡದು. ಸಾಮ್ರಾಜ್ಯದ ಬೆನ್ನಿಗೆ ಸೇನೆಯಿದೆ. ಇಲ್ಲಿನ ಕನ್ನಡಕ್ಕೆ ತನ್ನ ಶಾಲೆಗಳನ್ನು ಉಳಿಸಿಕೊಳ್ಳುವುದೇ ಪ್ರಯಾಸ. ಆದರೂ ಒಂದೇ ಭಾಷೆ ಒಬ್ಬರ ಎದುರು ಲ್ಸೆಲ್ ಆಗಿಯೂ ಇನ್ನೊಬ್ಬರ ಎದುರು ಟೇಶ್‌ಕಲಾನ್ ಆಗಿಯೂ ನಿಲ್ಲಬಹುದೆಂಬುದನ್ನು ಗಡಿನಾಡಿನವರಾದ ನಾವೇ ಮೊದಲು ಒಪ್ಪಬೇಕಾಗಿದೆ. ಈ ಚರ್ಚೆಗೆ ಕಾರಣವಾದ ಪುಸ್ತಕವನ್ನು ನಾವು ಓದಿದ್ದು ಇಂಗ್ಲಿಷಿನಲ್ಲಿ ಎಂಬುದನ್ನೂ ಮರೆಯುವಂತಿಲ್ಲ.

ಕೃತಿಯ ಇನ್ನೊಂದು ಎಳೆಯನ್ನು ಹೆಚ್ಚಿನ ಓದುಗರು ಗಮನಿಸದೆ ಹೋದರು. ಲ್ಸೆಲ್‌ನ ಆಡಳಿತ ಮಂಡಲಿಯಲ್ಲಿ ಪರಂಪರೆಯ ರಕ್ಷಣೆಗೆಂದೇ ಒಬ್ಬ ಸದಸ್ಯೆ ಇದ್ದಾಳೆ. ಮಾಹಿತಳ ಇಮಾಗೊ ಕೆಟ್ಟದ್ದು ತಾನಾಗಿ ಅಲ್ಲ, ಅವಳೇ ಕೆಡಿಸಿರಬಹುದೆಂಬ ಸಂಶಯ ಕಥೆಯಲ್ಲಿ ಏಳುತ್ತದೆ. ಸಾಮ್ರಾಜ್ಯಕ್ಕೆ ಮನಸೋತವರು ನಮ್ಮವರಲ್ಲ ಎಂಬ ಭಯದಲ್ಲಿ, ನೆನಪನ್ನು ಕಾಯಬೇಕಾದವಳೇ ನೆನಪಿನ ಸರಪಳಿಯನ್ನು ಕಡಿಯುವ ಸ್ಥಿತಿ ಅದು. ಮಲಯಾಳ ಮಾಧ್ಯಮಕ್ಕೋ ಇಂಗ್ಲಿಷ್ ಮಾಧ್ಯಮಕ್ಕೋ ಹೋದ ಮಗುವನ್ನು, ಅದರ ಕನ್ನಡ ತಪ್ಪುತ್ತದೆಂದು ಸಂಘದ ವೇದಿಕೆಯಲ್ಲಿ ನಾವು ಗದರಿದ ಸಂದರ್ಭಗಳಿಲ್ಲವೆ? ಗದರಿಸಿಕೊಂಡ ಮಗು ಮರುವರ್ಷ ಬರುವುದಿಲ್ಲ. ಪರಂಪರೆಯ ಕಾವಲಿನವರಿಂದಲೂ ಪರಂಪರೆಗೆ ಹಾನಿಯಾದೀತೆಂಬ ಈ ಎಚ್ಚರಿಕೆ ನಮ್ಮಂಥ ಸಂಘಗಳಿಗೆ ನೇರವಾಗಿ ತಟ್ಟಬೇಕು.

ಕೊನೆಯಲ್ಲಿ ಮಾಹಿತ್ ರಾಜಧಾನಿಯಲ್ಲಿ ಉಳಿಯುವ ಅವಕಾಶವಿದ್ದೂ ಊರಿಗೆ ಮರಳಲು ನಿರ್ಧರಿಸುತ್ತಾಳೆ. ಇದು ಗೆಲುವಿನ ಮರಳುವಿಕೆಯಲ್ಲ. ಉಳಿದರೆ ತಾನು ಪೂರ್ತಿ ಅಲ್ಲಿಯವಳಾಗಿಬಿಡುವೆನೆಂಬ ಅಂಜಿಕೆಯದು. ಊರು ಅವಳನ್ನು ತನ್ನವಳೆಂದು ಬಗೆಯುವುದೆಂಬ ಭರವಸೆಯೂ ಇಲ್ಲ. 2021ರಲ್ಲಿ ಬಂದ ‘ಎ ಡೆಸೊಲೇಶನ್ ಕಾಲ್ಡ್ ಪೀಸ್’ ಈ ಕಥೆಯನ್ನು ಮುಂದುವರಿಸುತ್ತದೆ.

ನಡೆಯಲ್ಲಿ ತೊಡಕುಗಳಿದ್ದರೂ, ಲ್ಸೆಲ್‌ನ ಚಿತ್ರ ತೆಳುವಾಗಿದ್ದರೂ ಇದು ಓದಲೇಬೇಕಾದ ಕೃತಿಯೆಂದು ನಮ್ಮ ಅಭಿಪ್ರಾಯ. ಮನೆಯ ಹಿರಿಯರೂ ಕಿರಿಯರೂ ಒಟ್ಟಾಗಿ ಓದಿದರೆ ಹೆಚ್ಚು ಫಲ. ಬಳಗದ ಮುಂದಿನ ಕೂಟಗಳಲ್ಲಿ ಸದಸ್ಯರ ಮನೆಮಾತಿನ ಹಾಡುಗಳಿಗೂ ಅರ್ಧ ಗಂಟೆ ಮೀಸಲಿಡಬೇಕೆಂಬ ಸಲಹೆ ಚರ್ಚೆಯ ಕೊನೆಗೆ ಬಂದಿತು, ಅದನ್ನು ಒಪ್ಪಿದ್ದೇವೆ. ಪಾಡ್ದನ ಬಲ್ಲ ಹಿರಿಯರು ಯಾರ ಮನೆಯಲ್ಲಿದ್ದರೂ ಅವರನ್ನು ಕರೆತರಬೇಕೆಂದು ಸದಸ್ಯರಲ್ಲಿ ವಿನಂತಿ.