ಘಟ್ಟ ಇಳಿಸುವ ಮಾತ್ರೆ

ಗೊರೂರು, ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟವರು ಶಿರಾಡಿಯನ್ನೋ ಬಿಸಿಲೆಯನ್ನೋ ಇಳಿಯಬೇಕು. ಅದಕ್ಕೆಂದು ಮೆಡಿಕಲ್ ಶಾಪಿನಲ್ಲಿ ‘ವಾಂತಿ ಮಾತ್ರೆ’ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಅವೋಮಿನ್, ಅಂದರೆ 25 ಮಿಲಿಗ್ರಾಂ ಪ್ರೊಮೆಥಜೀನ್ ಥಿಯೋಕ್ಲೇಟ್. ಆಯ್ಕೆ ಸರಿಯೇ. ತಿರುವಿನಲ್ಲಿ ಕಣ್ಣು ಹೇಳುವುದೊಂದು, ಒಳಗಿವಿ ಹೇಳುವುದೊಂದು. ಆ ಗೊಂದಲವನ್ನು ಮಿದುಳಿನ ವಾಂತಿ ಕೇಂದ್ರಕ್ಕೆ ಮುಟ್ಟಿಸುವ ಅಸಿಟೈಲ್‌ಕೋಲಿನ್, ಹಿಸ್ಟಮಿನ್ ಎರಡಕ್ಕೂ ಪ್ರೊಮೆಥಜೀನ್ ಅಡ್ಡ ನಿಲ್ಲುತ್ತದೆ. ಸೆರೊಟೋನಿನ್ ತಡೆಯುವ ಒಂಡಾನ್ಸೆಟ್ರಾನ್ ಕೀಮೋಥೆರಪಿಯ ವಾಂತಿಗೆ ಗಟ್ಟಿ ಮದ್ದಾದರೂ ಪ್ರಯಾಣದ ವಾಂತಿಗೆ ಅಷ್ಟಾಗಿ ನಾಟುವುದಿಲ್ಲ. ಆಕ್ಷೇಪವಿರುವುದು ಮನೆಮಂದಿಗೆಲ್ಲ ಒಂದೊಂದು ಹಂಚಿ ಬಸ್ಸು ಹತ್ತುವ ಪದ್ಧತಿಯ ಬಗ್ಗೆ.

ಮೊದಲ ದೋಷ ಹೊತ್ತಿನದು. ಈ ಮಾತ್ರೆಯನ್ನು ಹಿಂದಿನ ರಾತ್ರಿ, ಇಲ್ಲವೇ ಹೊರಡುವ ಒಂದೆರಡು ಗಂಟೆ ಮೊದಲು ನುಂಗಬೇಕು. ಹೊಟ್ಟೆ ತೊಳಸಿದ ಮೇಲೆ ಜಠರದ ಚಲನೆಯೇ ನಿಧಾನವಾಗುವುದರಿಂದ, ಶಿರಾಡಿಯ ಮೇಲ್ತುದಿಯ ಮಾರನಹಳ್ಳಿಯಲ್ಲಿ ನುಂಗಿದ್ದು ರಕ್ತ ಸೇರುವಷ್ಟರಲ್ಲಿ ಘಟ್ಟದ ಬುಡದ ಗುಂಡ್ಯ ಬಂದಿರುತ್ತದೆ. ಎರಡನೆಯ ದೋಷ ಹೆಚ್ಚು ಗಂಭೀರ: ವಯಸ್ಸಿನ ಲೆಕ್ಕವಿಲ್ಲದಿರುವುದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಬಾರದು. ಉಸಿರಾಟ ಕುಗ್ಗಿ ಸಾವು ಸಂಭವಿಸಿದ ವರದಿಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಅತಿ ಕಠಿಣ ಎಚ್ಚರಿಕೆಯನ್ನೇ ಹಾಕಿಸಿತು. ಮುದುಕರಲ್ಲಿ ತೊಂದರೆ ಬೇರೆ. ನೆನಪು, ಮೂತ್ರ, ಬೆವರು ಇವಕ್ಕೆಲ್ಲ ಅಸಿಟೈಲ್‌ಕೋಲಿನ್ ಬೇಕು. ಅದನ್ನು ತಡೆದರೆ ಗಲಿಬಿಲಿ ಹುಟ್ಟಬಹುದು, ಪ್ರಾಸ್ಟೇಟ್ ಊದಿದವರಿಗೆ ಮೂತ್ರ ಕಟ್ಟಬಹುದು, ಕೆಲವು ಬಗೆಯ ಗ್ಲಾಕೋಮಾ ಕೆರಳಬಹುದು. ನಮ್ಮ ಬೇಲಿಸಾಲಿನ ದತ್ತೂರಿಯಲ್ಲೂ ಇರುವ ಸ್ಕೊಪೊಲಮಿನ್ ಇದೇ ರೀತಿ ಕೆಲಸ ಮಾಡುವ ಮದ್ದು. ಕಿವಿಯ ಹಿಂದೆ ಅಂಟಿಸುವ ಅದರ ಪಟ್ಟಿ ಬೆವರು ತಗ್ಗಿಸಿ ಮೈ ಕಾಯಿಸಬಲ್ಲದೆಂದು ಅದೇ ಸಂಸ್ಥೆ 2025ರ ಜೂನ್‌ನಲ್ಲಿ ಎಚ್ಚರಿಸಿದೆ.

‘ಇಷ್ಟು ವರ್ಷ ನುಂಗಿದ್ದೇವೆ, ಏನೂ ಆಗಿಲ್ಲ’ ಎನ್ನುವವರಿದ್ದಾರೆ. ಆರೋಗ್ಯವಂತ ವಯಸ್ಕರ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ಮಾತ್ರೆಯಿಂದ ಬಂದ ಅಜ್ಜಿಯ ಮಂಪರನ್ನು ಪ್ರಯಾಣದ ಆಯಾಸವೆಂದೂ, ಅಜ್ಜನ ಮೂತ್ರದ ತೊಂದರೆಯನ್ನು ವಯಸ್ಸಿನದೆಂದೂ ತಳ್ಳಿಹಾಕುವಲ್ಲಿ ‘ಏನೂ ಆಗಿಲ್ಲ’ ಎಂಬುದು ಸಾಕ್ಷ್ಯವಾಗದು. ಘಟ್ಟ ಇಳಿಯಲಿಕ್ಕೂ ಡಾಕ್ಟರ ಚೀಟಿ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಲ್ಲರನ್ನೂ ಆಸ್ಪತ್ರೆಗೆ ಅಟ್ಟಬೇಕಿಲ್ಲ. ಯಾರಿಗೆ, ವಯಸ್ಸೆಷ್ಟು, ಕಣ್ಣು–ಮೂತ್ರದ ಕಾಯಿಲೆ ಇದೆಯೇ, ಗಾಡಿ ಓಡಿಸುವವರೇ ಎಂದು ಅಂಗಡಿಯ ಫಾರ್ಮಸಿಸ್ಟ್ ಕೇಳಿದರೆ ಅರ್ಧ ನಿಮಿಷ ಸಾಕು. ಉತ್ತರದಲ್ಲಿ ಅನುಮಾನ ಬಂದವರನ್ನು ಮಾತ್ರ ವೈದ್ಯರಲ್ಲಿಗೆ ಕಳಿಸಲಿ. ಆ ಪ್ರಶ್ನೆ ಕೇಳದೆ ಮಾತ್ರೆ ಕತ್ತರಿಸಿಕೊಡುವ ಅಂಗಡಿ ಒಳ್ಳೆಯ ಮದ್ದನ್ನು ಕೆಟ್ಟದಾಗಿ ಮಾರುತ್ತಿದೆ.