ಅಂಗನವಾಡಿಗೆ ಇನ್ನೊಬ್ಬ ಟೀಚರ್

ನಮ್ಮ ದೇಶದಲ್ಲಿ ಎಳೆಯ ಮಕ್ಕಳಿಗಾಗಿ ರೂಪಿಸಿದ ಯೋಜನೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಷ್ಟು (ಐಸಿಡಿಎಸ್) ದೂರ ಕಂಡದ್ದು ಇನ್ನೊಂದಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅದು ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿ ತೆರೆದದ್ದು 100 ಅಂಗನವಾಡಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚಿವೆ. ಊಟ, ಚುಚ್ಚುಮದ್ದು, ತಪಾಸಣೆ, ತಾಯಿಗೆ ತಿಳಿವಳಿಕೆ, ಆಟಪಾಠ ಎಲ್ಲವೂ ಮಗುವಿಗೆ ಒಂದೇ ಸೂರಿನಡಿ ಸಿಗಬೇಕೆಂಬುದು ಯೋಜನೆಯ ತಿರುಳು. ಐವತ್ತು ವರ್ಷಗಳ ನಂತರವೂ ಆ ತಿರುಳು ಗಟ್ಟಿಯಾಗಿದೆ. ಎಡವಿರುವುದು ಅದನ್ನು ನಡೆಸಲು ನಾವು ಕೊಟ್ಟ ಜನ ಮತ್ತು ಹಣದ ವಿಷಯದಲ್ಲಿ.

ಒಂದು ಅಂಗನವಾಡಿಯಲ್ಲಿ ಇರುವುದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಸಹಾಯಕಿ ಮಕ್ಕಳನ್ನು ಕರೆತರಬೇಕು, ಕಸ ಗುಡಿಸಬೇಕು, ಅಡುಗೆ ಮಾಡಬೇಕು. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿ, ಬಾಣಂತಿಯರ ಊಟವೂ ಅದೇ ಒಲೆಯ ಮೇಲೆ ಬೇಯಬೇಕು. ಮಕ್ಕಳು ಟೀಚರ್ ಎಂದು ಕರೆಯುವ ಕಾರ್ಯಕರ್ತೆ ತೂಕ, ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬಬೇಕು, ದಾಸ್ತಾನಿನ ಲೆಕ್ಕ ಬರೆಯಬೇಕು, ಮನೆ ಮನೆಗೆ ಹೋಗಬೇಕು, ಚುಚ್ಚುಮದ್ದಿನ ದಿನ ತಾಯಂದಿರನ್ನು ಸೇರಿಸಬೇಕು. ಇದರ ಮೇಲೆ ಸಮೀಕ್ಷೆ, ಮತದಾರರ ಪಟ್ಟಿಯ ಕೆಲಸ. ಕಥೆ, ಹಾಡು, ಬಣ್ಣ, ಅಕ್ಷರಗಳಿಗೆ ಸಿಗುವುದು ಉಳಿದ ಹೊತ್ತು ಮಾತ್ರ. ದಾಸ್ತಾನಿನ ಲೆಕ್ಕ ತಪ್ಪಿದರೆ ಮೇಲಿನವರು ಕೇಳುತ್ತಾರೆ. ಕಥೆ ಹೇಳದ ದಿನ ಯಾರೂ ಕೇಳುವುದಿಲ್ಲ. ಹಾಗಾಗಿ ಮೊದಲು ಬಲಿಯಾಗುವುದು ಕಲಿಕೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಸಮಾಧಾನ ಕೊಡುವಂಥವಲ್ಲ. 2015-16ರಿಂದ 2019-21ರ ನಡುವೆ, ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದವರ ಪ್ರಮಾಣ ಶೇ 26.1ರಿಂದ ಶೇ 19.5ಕ್ಕೆ ಇಳಿದದ್ದು ಒಳ್ಳೆಯ ಸುದ್ದಿ. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ 36.2ರಿಂದ ಶೇ 35.4ಕ್ಕೆ ಮಾತ್ರ ಇಳಿದರು. ಎಳೆಯರಲ್ಲಿ ರಕ್ತಹೀನತೆ ಶೇ 60.9ರಿಂದ ಶೇ 65.5ಕ್ಕೆ ಏರಿತು. ಬೆಳವಣಿಗೆ ಕುಂಠಿತವಾಗುವುದು ಬಹುಪಾಲು ಗರ್ಭದಲ್ಲಿ ಮತ್ತು ಮೊದಲ ಎರಡು ವರ್ಷಗಳಲ್ಲಿ. ಆದರೆ ಅಂಗನವಾಡಿಯ ಬಿಸಿಯೂಟ ಮೂರು ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರದ ಪೊಟ್ಟಣ ಹೋಗುತ್ತದೆ. ಅದನ್ನು ಕೂಸಿಗೆ ಯಾವಾಗ, ಎಷ್ಟು, ಹೇಗೆ ಉಣಿಸಬೇಕೆಂದು ತಾಯಿಯ ಪಕ್ಕ ಕೂತು ಹೇಳಿಕೊಡುವಷ್ಟು ಬಿಡುವು ಕಾರ್ಯಕರ್ತೆಗೆ ಎಲ್ಲಿದೆ?

ಹಣದ ವಿಷಯವೂ ಹೀಗೆಯೇ. 2017ರಲ್ಲಿ ಪರಿಷ್ಕರಿಸಿದ ಪೂರಕ ಆಹಾರದ ದರ ಮಗುವಿಗೆ ದಿನಕ್ಕೆ 8 ರೂಪಾಯಿ. ಬೇಳೆ, ಎಣ್ಣೆ, ಮೊಟ್ಟೆಯ ಬೆಲೆ ಏರಿದರೂ ಅದು ವರ್ಷಗಟ್ಟಲೆ ಕದಲಲಿಲ್ಲ. ಕಾರ್ಯಕರ್ತೆಯ ಗೌರವಧನದಲ್ಲಿ ಕೇಂದ್ರ 2018ರಲ್ಲಿ ನಿಗದಿ ಮಾಡಿದ ಮೊತ್ತ ತಿಂಗಳಿಗೆ 4,500 ರೂಪಾಯಿ. ಮೇಲಿನದನ್ನು ರಾಜ್ಯ ಸೇರಿಸುತ್ತದೆ. ಇವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. 2022ರಲ್ಲಿ ಅದೇ ನ್ಯಾಯಾಲಯ ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. ದುಡಿಮೆಗೆ ಸಲ್ಲಬೇಕಾದದ್ದನ್ನು ಕೋರ್ಟಿನ ಮೆಟ್ಟಿಲೇರಿ ಪಡೆಯುವಂತಾದದ್ದು ಸರ್ಕಾರಗಳಿಗೆ ಶೋಭೆಯಲ್ಲ.

ಹಾಗಾದರೆ ಹೊಸ ಹಣ ಮೊದಲು ಎಲ್ಲಿಗೆ ಹೋಗಬೇಕು? ಪಕ್ಕದ ತಮಿಳುನಾಡಿನಲ್ಲಿ ಉತ್ತರವಿದೆ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅಲ್ಲಿನ ಕೆಲವು ಅಂಗನವಾಡಿಗಳಿಗೆ ಪಾಠಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು, ಕೊಡದ ಕೇಂದ್ರಗಳೊಂದಿಗೆ ಹೋಲಿಸಿದರು. ಕಲಿಕೆಯ ಹೊತ್ತು ಇಮ್ಮಡಿಯಾಯಿತು, ಭಾಷೆ ಮತ್ತು ಗಣಿತದಲ್ಲಿ ಮಕ್ಕಳು ಮುಂದೆ ಬಂದರು. ಹಳೆಯ ಕಾರ್ಯಕರ್ತೆಗೆ ಪೋಷಣೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಅಪೌಷ್ಟಿಕತೆಯೂ ತಗ್ಗಿತು. ಒಬ್ಬರನ್ನು ಸೇರಿಸಿದ್ದಕ್ಕೆ ಎರಡೂ ಕಡೆ ಫಲ ಬಂತು.

ಈ ಬೆಳಕಿನಲ್ಲಿ ನಮ್ಮ ರಾಜ್ಯದ ಈಚಿನ ನಡೆಯನ್ನು ನೋಡಬೇಕು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕ ನ್ಯಾಯವಾದದ್ದೇ: ಮೂರು ದಾಟಿದವರೆಲ್ಲ ಶಾಲೆಗೆ ಹೋದರೆ ಊಟ, ಆರೋಗ್ಯ, ಕಲಿಕೆಯ ನಂಟು ಕಡಿಯುತ್ತದೆ. ಆ ವರ್ಷವೇ ಬೆಂಗಳೂರಿನ ಆಯ್ದ ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸರಿ ಶುರುವಾದದ್ದು ಸರಿಯಾದ ದಾರಿ. ಆದರೆ ಅದೇ ಇಬ್ಬರ ಹೆಗಲಿಗೆ ಎಲ್‌ಕೆಜಿಯನ್ನೂ ಏರಿಸಿದರೆ ಸಮವಸ್ತ್ರ, ಪುಸ್ತಕ ಬಂದಾವು. ಕಲಿಸುವ ಹೊತ್ತು ಬರುವುದಿಲ್ಲ.

ಶಿಕ್ಷಣದ ಹಕ್ಕು ಆರು ವರ್ಷಕ್ಕೆ ಶುರುವಾಗುತ್ತದೆ. ಅದಕ್ಕೂ ಚಿಕ್ಕವರ ಆರೈಕೆ, ಕಲಿಕೆಗೆ ಸರ್ಕಾರ ಪ್ರಯತ್ನಿಸಬೇಕೆಂದಷ್ಟೇ ಸಂವಿಧಾನದ 45ನೇ ವಿಧಿ ಹೇಳುತ್ತದೆ. 2020ರ ಶಿಕ್ಷಣ ನೀತಿ ಮೂರರಿಂದಲೇ ಕಲಿಕೆಯನ್ನು ಲೆಕ್ಕ ಹಾಕಿದೆ. ಕಾನೂನೂ ಅಲ್ಲಿಗೆ ಇಳಿಯಬೇಕು. ಆಹಾರದ ದರ ಬೆಲೆಯೊಂದಿಗೆ ತಾನಾಗಿ ಏರಬೇಕು. ಎಲ್ಲಕ್ಕಿಂತ ಮೊದಲು ಪ್ರತಿ ಅಂಗನವಾಡಿಗೂ ಪಾಠಕ್ಕೆಂದೇ ಇನ್ನೊಬ್ಬ ಟೀಚರ್ ಬರಬೇಕು, ಹಿಂದುಳಿದ ತಾಲ್ಲೂಕುಗಳಿಂದ ಆರಂಭಿಸಿ. ಹತ್ತನೇ ತರಗತಿಯ ಫಲಿತಾಂಶ ಕುಸಿದಾಗ ಚಿಂತಿಸುವ ನಾವು ಆ ಮಕ್ಕಳ ಮೂರನೇ ವಯಸ್ಸಿನಲ್ಲೇ ಖರ್ಚು ಮಾಡಲು ಕಲಿಯಬೇಕು.